ಬಿಸಿಲಲ್ಲಿಟ್ಟ ಸ್ಪಿರಿಟ್ ಒಲೆ

ಟೆಂಟು, ಹಾಸಿಗೆ, ಚೀಲ ಎಲ್ಲ ಕೊಂಡಾಗಿತ್ತು. ಒಲೆಯ ವಿಷಯದಲ್ಲಿ ಮಾತ್ರ ಅಕ್ಕತಂಗಿಯರ ಜಗಳ ಮುಗಿದಿರಲಿಲ್ಲ. ಸಮುದ್ರದವರೆಗೆ ಸೈಕಲ್ ತುಳಿದೇ ಹೋಗಬೇಕು, ದಾರಿಯಲ್ಲಿ ತಾವೇ ಬೇಯಿಸಿಕೊಳ್ಳಬೇಕು ಎಂದು ಹಟ ಹಿಡಿದವಳು ಹೊಲಿಗೆ ಕೆಲಸದ ಅಕ್ಕ. ಅಂಚೆ ಕಚೇರಿಯಿಂದ ನಿವೃತ್ತಳಾದ ತಂಗಿ ಗೊಣಗುತ್ತಲೇ ಒಪ್ಪಿದ್ದಳು.

ಅಂಗಡಿಯ ಮುದುಕಪ್ಪ ಮೂರು ಒಲೆ ತಂದಿಟ್ಟರು. "ಗ್ಯಾಸ್ ಸುಲಭ. ಆದ್ರೆ ದೊಡ್ಡ ಊರು ದಾಟಿದ ಮೇಲೆ ಈ ಡಬ್ಬಿ ಸಿಗಲ್ಲ. ಪೆಟ್ರೋಲ್ ಎಲ್ಲ ಕಡೆ ಸಿಗುತ್ತೆ, ಪಂಪು ಹೊಡೀಬೇಕು, ಮಸಿ ಬೇರೆ."

"ಪಂಪು ಹೊಡೆಯೋಕೆ ಇವಳಿದಾಳಲ್ಲ, ಗಾಳಿಸುದ್ದಿ ಊದಿ ಅಭ್ಯಾಸ," ಎಂದಳು ಅಕ್ಕ.

"ನಿನ್ನ ನಾಲಿಗೆ ಮೇಲೆ ಪಾತ್ರೆ ಇಟ್ರೆ ಸಾಕು, ಒಲೆಯೇ ಬೇಡ!"

ಅಕ್ಕನಿಗೆ ಬೇಕಾದದ್ದು ಸ್ಪಿರಿಟ್ ಒಲೆ: ಅಂಗೈಯಗಲದ ಹಿತ್ತಾಳೆ ಬಟ್ಟಲು. ಹಗುರ, ಸದ್ದಿಲ್ಲ, ಸ್ಪಿರಿಟ್ ಬಣ್ಣದಂಗಡಿಯಲ್ಲೂ ಸಿಗುತ್ತದೆ. ಮುದುಕಪ್ಪ ಅದನ್ನು ಹೊರಗೆ ಬಿಸಿಲಿನ ಜಗಲಿಯ ಮೇಲಿಟ್ಟು, ಸ್ಪಿರಿಟ್ ಸುರಿದು, ಆವಿಯಾಗಿ ಹೋಗದಿರಲೆಂದು ಮುಚ್ಚಳ ಬಿಗಿದು, ಬೆಂಕಿಪೊಟ್ಟಣ ತರಲು ಒಳಗೆ ಹೋದರು.

ಅಕ್ಕ ಬಗ್ಗಿದಳು. "ನೋಡೇ, ಎಷ್ಟು ಚೆನ್ನಾಗಿ ಉರೀತಿದೆ! ನೀಲಿ, ಒಂಚೂರು ಹೊಗೆಯಿಲ್ಲ."

ಮುಚ್ಚಳ ಉರೀತಿದೆಯೇನೇ ಎಂಬ ಕುಹಕ ತಂಗಿಯ ತುದಿನಾಲಿಗೆಗೆ ಬಂದು ಅಲ್ಲೇ ನಿಂತಿತು. ಅಕ್ಕನ ನೋಟ ಬಟ್ಟಲ ಮೇಲಿರಲಿಲ್ಲ, ಪಕ್ಕದ ಬರಿಗಲ್ಲಿನ ಮೇಲಿತ್ತು.

ಮುದುಕಪ್ಪ ಬಾಗಿಲಲ್ಲಿ ನಿಂತು ಎಲ್ಲ ಕಂಡರು. ಬೆಂಕಿಪೊಟ್ಟಣ ಸದ್ದಿಲ್ಲದೆ ಜೇಬಿಗಿಳಿಯಿತು. "ಹೌದಮ್ಮ, ಚೆನ್ನಾಗೇ ಉರೀತಿತ್ತು. ಈಗ ಗಾಳಿಗೆ ಹೋಯ್ತು ನೋಡಿ," ಎಂದು ಹೇಳಿ, ಇಲ್ಲದ ಕೆಲಸ ನೆನಪಿಸಿಕೊಂಡು ಒಳಗೆ ಸರಿದರು.

ತಂಗಿ ಅಕ್ಕನ ಕೈ ಹಿಡಿದು ಮುಚ್ಚಳ ಬಿಗಿದ ಬಟ್ಟಲ ಮೇಲಿಟ್ಟಳು.

"ಕಣ್ಣು ಯಾವಾಗಿಂದ ಹೀಗೆ?"

"ಸೂಜಿಗೆ ದಾರ ಪೋಣಿಸಿಕೊಡು ಅಂತ ನಿನ್ನ ಪೀಡಿಸ್ತಿದ್ದೆನಲ್ಲ, ಆಗಿಂದ. ಹೋದದ್ದು ಬರಲ್ಲ, ಇರೋದೂ ಉಳಿಯಲ್ಲ ಅಂದ್ರು ಡಾಕ್ಟರು."

"ಮತ್ತೆ ಇಲ್ಲೀತನಕ ಸೈಕಲ್ ಹೊಡ್ಕೊಂಡು ಹೇಗೆ ಬಂದೆ?"

"ನಿನ್ನ ಬೆನ್ನು ನೋಡ್ಕೊಂಡು. ಗೋಡೆ ಇದ್ದ ಹಾಗಿದೆ, ತಪ್ಪೋದುಂಟಾ?"

ಲಾರಿಗಳ ಹೆದ್ದಾರಿ ತಂಗಿಯ ಕಣ್ಣಿಗೆ ಕಟ್ಟಿತು. "ಬಸ್ಸಲ್ಲಿ ಹೋಗೋಣ ಕಣೇ."

"ಬಸ್ಸಲ್ಲಿ ಕೂರಿಸಿ, ಕೈಹಿಡಿದು ಇಳಿಸೋದು ಮುಂದೆ ಇದ್ದೇ ಇದೆ. ನನ್ನ ಕಾಲಲ್ಲಿ ನಾನೇ ತುಳಿದು ಹೋಗೋದು ಇದೊಂದೇ ಸಲ."

"ಆಗಲ್ಲ ಅಕ್ಕಾ."

ಬೈಗುಳ ಬಂದೇ ಬರುತ್ತದೆಂದು ತಂಗಿ ಮೈ ಗಟ್ಟಿ ಮಾಡಿಕೊಂಡಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಆಯ್ತು. ನೀನು ಹೇಳಿದ ಹಾಗೇ ಆಗಲಿ," ಎಂದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಈ ಮಾತು ಬಂದಿರಲಿಲ್ಲ.

ಮುದುಕಪ್ಪ ಸ್ಪಿರಿಟ್ಟನ್ನು ಮತ್ತೆ ಕ್ಯಾನಿಗೆ ಸುರಿದರು, ದುಡ್ಡಿನ ಮಾತೆತ್ತಲಿಲ್ಲ. ಇಬ್ಬರೂ ಸೈಕಲ್ ತಳ್ಳಿಕೊಂಡು ಹೊರಟರು. ತಂಗಿ ಬೇಕೆಂದೇ, "ಆ ಪೆಟ್ರೋಲ್ ಒಲೇನೇ ಚೆನ್ನಾಗಿತ್ತು," ಎಂದು ಕೆಣಕಿದಳು.

"ಹೂಂ," ಎಂದಳು ಅಕ್ಕ.