ಎಲ್ಮರನ ಕಂಪ್ಯೂಟರ್

ಮಿಲ್ವಾಕಿ ನಗರದ ಬಿತ್ತನೆಬೀಜದ ಸಗಟು ವ್ಯಾಪಾರದ ಕಚೇರಿಯಲ್ಲಿ ಆರ್ಲೀನ್ ಡಾಂಬ್ರೋಸ್ಕಿ ಬಿಲ್ಲು ಬರೆಯುತ್ತಿದ್ದಳು. ಒಮ್ಮೆ ಕೆಟ್ಟ ಪ್ರಿಂಟರನ್ನು ಸರಿಮಾಡಿದ ತಪ್ಪಿಗೆ, ಕಚೇರಿಯ ಐದು ಕಂಪ್ಯೂಟರುಗಳನ್ನು ಜೋಡಿಸಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕೆಂಬ ತಲೆನೋವೂ ಅವಳಿಗೇ ಅಂಟಿಕೊಂಡಿತು.

"ಫ್ಲಾಪಿ ಹಿಡ್ಕೊಂಡು ಮೇಜಿಂದ ಮೇಜಿಗೆ ಎಷ್ಟು ದಿನ ಅಂತ ಓಡಾಡ್ತೀರ? ಯಾವುದಾದ್ರೂ ಒಂದು ಆರಿಸಿ ಮುಗಿಸು," ಎಂದ ಮಾಲೀಕ ವರ್ನನ್.

ಇಬ್ಬರು ಮಾರಾಟಗಾರರು ಬಂದರು. ಮೊದಲಿನವನ ಸಾಫ್ಟ್‌ವೇರಿಗೆ ಒಂದು ಕಂಪ್ಯೂಟರನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು. ಅದು ಎಲ್ಲರ ಕಡತಗಳನ್ನು ಕಾಯುತ್ತ ಕೂರುತ್ತದೆ, ಅದರ ಮುಂದೆ ಯಾರೂ ಕೂರುವಂತಿಲ್ಲ. ಎರಡನೆಯವನದಕ್ಕೆ ಆ ರಗಳೆಯಿಲ್ಲ. ಅವರವರ ಕಂಪ್ಯೂಟರ್ ಅವರವರಿಗೇ, ಕಡತ ಮಾತ್ರ ಹಂಚಿಕೆ. ಕಣ್ಣು ಉರಿಯುವಷ್ಟು ಕೈಪಿಡಿ ಓದಿದ ಮೇಲೆ, ಮೊದಲನೆಯದೇ ಗಟ್ಟಿ ಎಂದು ಆರ್ಲೀನಳಿಗೆ ಖಾತ್ರಿಯಾಯಿತು.

ಆದರೆ ಆ ಕೆಲಸಕ್ಕೆ ಬೇಕಾದಷ್ಟು ಶಕ್ತಿಯಿದ್ದದ್ದು ಎಲ್ಮರ್ ಸ್ಟಾಡ್ಲರನ ಕಂಪ್ಯೂಟರಿಗೆ ಮಾತ್ರ. ದಾಸ್ತಾನಿನ ಲೆಕ್ಕ ನೋಡುವ ಎಲ್ಮರನಿಗೆ ನಿವೃತ್ತಿ ಹತ್ತಿರವಾಗಿತ್ತು. ಹೆಂಡತಿ ಸತ್ತ ವರ್ಷ ಯಾರೊಡನೆಯೂ ಮಾತಾಡದೆ ಇದ್ದವನು, ಆ ಕಂಪ್ಯೂಟರಿನೊಡನೆ ಜಗಳವಾಡುತ್ತಲೇ ಚೇತರಿಸಿಕೊಂಡಿದ್ದ. ಈಗ ಎಲ್ಲರಿಗಿಂತ ಮೊದಲು ಬಂದು, ಎರಡೇ ಬೆರಳಲ್ಲಿ ಟೈಪ್ ಮಾಡುತ್ತ ಗುನುಗುತ್ತಿದ್ದ. ಅದನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಎರಡನೆಯದನ್ನೇ ಆರಿಸಿದಳು.

ವಸಂತ ಬಂತು, ಆರ್ಡರುಗಳು ಮುಗಿಬಿದ್ದವು. ದಾಸ್ತಾನಿನ ಕಡತ ಎಲ್ಮರನ ಕಂಪ್ಯೂಟರಿನಲ್ಲಿ ಇದ್ದದ್ದರಿಂದ, ಅವನ ಕಂಪ್ಯೂಟರ್ ನಿಂತರೆ ಎಲ್ಲರದೂ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಏಳುವಾಗ, ದೀಪ ಆರಿಸುವಷ್ಟೇ ಸಹಜವಾಗಿ ಅವನು ಅದನ್ನೂ ಆರಿಸಿದ. ಉಳಿದವರು ಬೆಳಗಿನಿಂದ ಆ ಕಡತದಲ್ಲಿ ಟೈಪ್ ಮಾಡಿದ್ದ ಆರ್ಡರುಗಳೆಲ್ಲ ಹಾಳಾದವು.

"ಮುದುಕನ ಕೈಗೆ ಆಟದ ಸಾಮಾನು ಕೊಟ್ಟು ನನ್ನ ವ್ಯಾಪಾರ ಮುಳುಗಿಸ್ತಿದ್ದೀಯಲ್ಲ!" ವರ್ನನ್ ಆರ್ಲೀನಳ ಮೇಲೆ ಕೂಗಾಡಿದ. ಬಾಗಿಲಲ್ಲಿ ನಿಂತಿದ್ದ ಎಲ್ಮರ್ ಕೇಳಿಸಿಕೊಂಡ.

ಮರುದಿನ ಅವನೇ ತನ್ನ ಕೀಬೋರ್ಡ್ ಬಿಚ್ಚಿ ತಂದು ಅವಳ ಮೇಜಿನ ಮೇಲಿಟ್ಟ.

"ಆ ಇನ್ನೊಂದು ಸಾಫ್ಟ್‌ವೇರೇ ಒಳ್ಳೇದು ಅಂತ ನಿಂಗೆ ಮೊದಲೇ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು."

"ಮತ್ಯಾಕಮ್ಮ ಬಾಯಿ ಬಿಡ್ಲಿಲ್ಲ?"

"ನೀವು ಹಾಡ್ಕೊಂಡು ಟೈಪ್ ಮಾಡ್ತಿದ್ರಲ್ಲ."

"ಅದು ಹಾಡಾ? ನಮ್ಮನೇಲಿ ಅದಕ್ಕೆ ಹಲ್ಲುನೋವು ಅಂತಿದ್ರು!" ಎಲ್ಮರ್ ನಕ್ಕ. ಅವಳಿಗೆ ನಗು ಬರಲಿಲ್ಲ. "ನನ್ನನ್ನೇ ಒಂದು ಮಾತು ಕೇಳ್ಬಹುದಿತ್ತು ಕಣೇ," ಎಂದ ಆಮೇಲೆ, ಮೆಲ್ಲಗೆ.

ಮೊದಲನೆಯ ಸಾಫ್ಟ್‌ವೇರ್ ಬಂತು. ಎಲ್ಮರನ ಕಂಪ್ಯೂಟರ್ ಎಲ್ಲರ ಕಡತ ಕಾಯಲು ಕಾಗದ ಇಡುವ ಕೋಣೆ ಸೇರಿತು. ಆಮೇಲೆ ಕೆಲಸ ನಿಲ್ಲಲಿಲ್ಲ. ವರ್ನನ್ ಆ ಮಧ್ಯಾಹ್ನದ ಮಾತನ್ನು ಮತ್ತೆ ಎತ್ತಲಿಲ್ಲ. ಆರ್ಲೀನ್ ತನ್ನ ಕಂಪ್ಯೂಟರಿನ ಮುಂದೆ ಬೆಳಗಿನ ಹೊತ್ತು ಕೂರುವಂತೆ ಎಲ್ಮರನನ್ನು ಕರೆದಳು. ಅವನು ಒಪ್ಪಲಿಲ್ಲ. ಕೆಳಗೆ ಗೋದಾಮಿನಲ್ಲಿ ಪೆನ್ಸಿಲ್ ಹಿಡಿದು ಮೂಟೆ ಎಣಿಸಿ, ಚೀಟಿ ಕಳಿಸತೊಡಗಿದ. ತನ್ನ ಬಿಲ್ಲುಗಳು ಮುಗಿದ ಮೇಲೆ ಅವಳು ಆ ಚೀಟಿಗಳ ಲೆಕ್ಕವನ್ನೂ ಟೈಪ್ ಮಾಡುತ್ತಿದ್ದಳು. ಅವನು ಬರೆದ ಏಳರ ಅಂಕಿ ಒಂದರಂತೆಯೇ ಕಾಣುತ್ತಿತ್ತು. ಯಾವುದೆಂದು ಕೇಳಲು ಮೆಟ್ಟಿಲಿಳಿದು ಹೋಗಬೇಕಿತ್ತು. ಹೋಗುತ್ತಿದ್ದಳು.