ಅಳಿಸಿದ ಹಿಮ್ಮಡಿ

ಟಾರ್ಚಿನ ಹಿಡಿ ಜಾರುತ್ತಿದೆ, ಕೈ ಬೆವರಿರಬೇಕು, ಅಂಗಿಗೆ ಒರೆಸಿಕೊಳ್ಳುತ್ತೇನೆ, ಕಪ್ಪು ಅಂಗಿ, ಕಪ್ಪು ಟೋಪಿ, ಕತ್ತಲಲ್ಲಿ ನಾನೂ ಕತ್ತಲಾಗಿರಬೇಕಂತೆ ಅಣ್ಣನಿಗೆ — ಕ್ಯಾಮೆರಾದ ಕಣ್ಣು ತೆರೆದಾಯಿತು, ಪುಟ್ಟಿ, ಅದನ್ನ ಮುಚ್ಚೋವರೆಗೂ ನಡೀತಾ ಇರು, ಎಲ್ಲೂ ನಿಲ್ಲಬೇಡ, ಅನ್ನುತ್ತಾನೆ, ತಲೆ ನರೆತರೂ ನಾನು ಪುಟ್ಟಿಯೇ, ನಡೆಯುತ್ತೇನೆ, ಮುಚ್ಚಿದ ಕಾರ್ಖಾನೆಯ ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳಕು ಬಳಿಯುತ್ತೇನೆ, ಕಿಟಕಿಗೆ ಕಡಿಮೆ, ಕಂಬಕ್ಕೆ ಜಾಸ್ತಿ, ಟಾರ್ಚಿಗೆ ಕೆಂಪು ಹಾಳೆ ಸುತ್ತಿದರೆ ತುಕ್ಕು ಕೆಂಡವಾಗುತ್ತದೆ ಎಂದು ಕಂಡುಕೊಂಡವಳು ನಾನು, ಅವನು ಗುಂಡಿ ಒತ್ತಿ ಕೈಕಟ್ಟಿ ನಿಂತಿರುತ್ತಾನೆ, ಕದಲುತ್ತಿರುವವರು ಚಿತ್ರದಲ್ಲಿ ಮೂಡುವುದಿಲ್ಲ, ಬೆಳಕು ಮಾತ್ರ ಉಳಿಯುತ್ತದೆ, ಎಷ್ಟು ವರ್ಷ ನಡೆದೆ, ಒಂದರಲ್ಲೂ ನಾನಿಲ್ಲ — ಒಂದರಲ್ಲಿ ಇದ್ದೆ. ಪಾಳು ಬಂಗಲೆಯ ಮೆಟ್ಟಿಲ ಮೇಲೆ ಹಿಮ್ಮಡಿಗೆ ಗಾಜಿನ ಚೂರು ಚುಚ್ಚಿತು, ಅಲ್ಲೇ ಕೂತು ಚಪ್ಪಲಿ ಬಿಚ್ಚಿ, ಕಾಲಿನ ಮೇಲೆ ಟಾರ್ಚು ಬಿಟ್ಟುಕೊಂಡು ಚೂರು ಕಿತ್ತೆ, ಚಿತ್ರದ ಮೂಲೆಯಲ್ಲಿ ಹಿಮ್ಮಡಿ ಮೂಡಿತ್ತು, ಮೈಯಿಲ್ಲದ ಒಂದು ಒಡಕು ಹಿಮ್ಮಡಿ, ಏನೇ ಇದು ಗಲೀಜು ಎಂದ, ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ಅಳಿಸಿದ, ಆ ಚಿತ್ರಕ್ಕೇ ಬಹುಮಾನ ಬಂತು, ಒಬ್ಬನೇ ಓಡಾಡಿ ಬೆಳಕು ಬಿಟ್ಟೆ ಎಂದ ಮೈಕಿನಲ್ಲಿ, ಚಪ್ಪಾಳೆ ತಟ್ಟಿದೆನಲ್ಲ ನಾನು, ಈ ಕೈಗಳಿಂದಲೇ, ಪಕ್ಕದಲ್ಲಿ ಅಮ್ಮ, ಅವನಿಗೆ ಹೆಸರು ಬಂದ್ರೆ ನಿನಗೂ ಬಂದ ಹಾಗೇ ಅಲ್ವೇನೇ, ಹೌದಮ್ಮ, ನಿನ್ನ ಮುದ್ದಿನ ಮಗ ತಾನೇ.

ಇವತ್ತು ಉಜ್ಜುವಂತಿಲ್ಲ, ಅವನ ಬೆನ್ನ ಹಿಂದೆ ತೀರ್ಪುಗಾರರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಅವರ ಹಿಂದೆ ಜನ, ಒಂದೇ ಚಿತ್ರ, ತೆಗೆದದ್ದು ತೆಗೆದ ಹಾಗೆಯೇ ಪರದೆಯ ಮೇಲೆ ಬರಬೇಕು, ಅದೇ ಸ್ಪರ್ಧೆಯ ನಿಯಮ, ತೀರ್ಪುಗಾರರಲ್ಲೊಬ್ಬರು ಕೇಳಿದರು, ಒಳಗೆ ಹೋಗೋದು ಯಾರು, ನನ್ನ ತಂಗಿ ಸಾರ್, ಟಾರ್ಚ್ ಹಿಡಿಯೋಕೆ ಅಷ್ಟೇ — ಅಷ್ಟೇ, ಅಷ್ಟೇ, ಆಯಿತು ಅಣ್ಣ, ಹಿಡಿಯುತ್ತೇನೆ, ಗೋಡೆಯ ನಟ್ಟನಡುವೆ ಬಾಗಿಲು, ಬಾಗಿಲಿಗೆ ಮೆಟ್ಟಿಲು, ಕೂರುತ್ತೇನೆ, ಚಪ್ಪಲಿ ಬಿಚ್ಚುತ್ತೇನೆ, ಬಲಗಾಲು ಚಾಚುತ್ತೇನೆ, ಅಂಗಾಲು ನೇರ ನಿನ್ನ ಕ್ಯಾಮೆರಾದ ಮುಖಕ್ಕೆ, ಪುಟ್ಟಿ, ಏನ್ಮಾಡ್ತಿದ್ದೀಯೆ, ಏಳೇ, ನಡಿಯೇ, ಕೂಗುತ್ತಿದ್ದಾನೆ ಅಣ್ಣ, ಕೂಗಲಿ, ಕೆಂಪು ಹಾಳೆ ಕಿತ್ತೆಸೆದೆ, ಬಿಳಿ ಬೆಳಕು ಕಾಲ ಮೇಲೆ, ಅಲ್ಲಾಡುವುದಿಲ್ಲ, ಉಸಿರೂ ಬಿಡುವುದಿಲ್ಲ, ಈಗ ಮುಚ್ಚಿದರೆ ಮುಚ್ಚು, ಬೀಳಬೇಕಾದಷ್ಟು ಬೆಳಕು ಬಿದ್ದಾಯಿತು, ಪರದೆಯ ತುಂಬ ಬರಲಿ, ಉಜ್ಜು ಈಗ, ಇಷ್ಟು ಜನರ ಎದುರು ಉಜ್ಜು ನೋಡೋಣ, ಆ ಒಡಕು, ಆ ಧೂಳು, ಗಾಜು ಚುಚ್ಚಿದ ಆ ಕಲೆ, ಹಿಮ್ಮಡಿ, ನನ್ನ ಹಿಮ್ಮಡಿ