ಸಹಿ ಹಾಕದ ಸರಸಕ್ಕ

ಸರಸಕ್ಕ ಬರುವುದು ಮೊದಲು ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ಆಮೇಲೆ. ಬಲಗಾಲನ್ನು ದೃಢವಾಗಿ ಊರಿ, ಎಡಗಾಲನ್ನು ನೆಲಕ್ಕೆ ಉಜ್ಜುತ್ತ ಎಳೆದುಕೊಳ್ಳುವ ಆ ನಡಿಗೆಯ ಸದ್ದು ವೆಸ್ಟ್ ಮಾಂಬಲಂನ ನಮ್ಮ ಓಣಿಗೆಲ್ಲ ಪರಿಚಿತ. ಸ್ಟೇಷನ್ನಿನ ಕಡೆಯಿಂದ ನುಗ್ಗುವ ಬೈಕುಗಳು ಬೆನ್ನ ಹಿಂದೆ ಎಷ್ಟೇ ಹಾರ್ನ್ ಹೊಡೆದರೂ ಅವರು ಓರೆಗೆ ಸರಿಯುವವರಲ್ಲ. ನಿಂತು, ಇಡೀ ದೇಹವನ್ನು ನಿಧಾನಕ್ಕೆ ತಿರುಗಿಸಿ, ಸವಾರನ ಮುಖವನ್ನೇ ನೋಡುತ್ತ, ಅವನಾಗಿ ಪಕ್ಕಕ್ಕೆ ಹೋಗುವ ತನಕ ಕಾಯುತ್ತಾರೆ. ವಯಸ್ಸು ಅರವತ್ತಮೂರು. ಮೇ ತಿಂಗಳ ಧಗೆಯಲ್ಲೂ ಸೀರೆಯ ಮೇಲೆ ತೋಳಿಲ್ಲದ ತಿಳಿನೀಲಿ ಜಾಕೀಟು, ಅದಕ್ಕೆ ಎಂಟು ಜೇಬು. ಬೆನ್ನಿನ ಮೇಲಿದ್ದ ದೊಡ್ಡ ಅಕ್ಷರಗಳ ಹೊಲಿಗೆಯನ್ನು ಅವರೇ ಸೂಜಿಯಿಂದ ಬಿಚ್ಚಿ ಹಾಕಿದ್ದರಿಂದ ಈಗ ಅಲ್ಲಿ ಸಣ್ಣ ಸಣ್ಣ ತೂತುಗಳಷ್ಟೇ ಉಳಿದಿವೆ. ಗ್ಯಾಸಿನವನು ಇವತ್ತು ಸಿಲಿಂಡರ್ ಇಲ್ಲ ಎಂದರೂ, ನೀರಿನ ಲಾರಿಯವನು ನಾಳೆ ಬರುತ್ತೇನೆ ಎಂದರೂ, ಜೇಬಿನಿಂದ ಬಿಳಿ ಹಾಳೆಯನ್ನೂ ಪೆನ್ನನ್ನೂ ತೆಗೆದು ಒಂದೇ ಮಾತು ಹೇಳುತ್ತಾರೆ: “ಬರೆದು ಕೊಡಿ.”

ತಂದೆ ಶೀನ ಕರಾವಳಿಯಿಂದ ಈ ತಮಿಳು ನಗರಕ್ಕೆ ಬಂದು ವಡಪಳನಿಯ ಹೋಟೆಲೊಂದರ ಒಲೆಯ ಮುಂದೆ ಮೂವತ್ತು ವರ್ಷ ನಿಂತವರು. ಆ ಮನೆಯಲ್ಲಿ ಮೊದಲು ಬಿ.ಎ. ಮುಗಿಸಿದವರು ಸರಸಕ್ಕ, ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸಹೋದ್ಯೋಗಿಗಳು ಡಾಕ್ಟರ ಸರ್ಟಿಫಿಕೇಟು ತಂದು ತಪ್ಪಿಸಿಕೊಳ್ಳುತ್ತಿದ್ದ ಚುನಾವಣಾ ಡ್ಯೂಟಿಯನ್ನು ಇವರು ಹಬ್ಬದಂತೆ ಬರಮಾಡಿಕೊಳ್ಳುತ್ತಿದ್ದರು. ಮದುವೆಯಾಗಲಿಲ್ಲ. ನಲವತ್ತೆಂಟರ ವಯಸ್ಸಿನಲ್ಲಿ, ಎರಡು ವರ್ಷ ಸಂಜೆಯ ತರಗತಿಗೆ ಹೋಗಿ ಫ್ರೆಂಚ್ ಕಲಿತು, ಸಂಬಳವಿಲ್ಲದ ರಜೆ ಹಾಕಿ, ಆಫ್ರಿಕಾದ ಒಂದು ದೇಶಕ್ಕೆ ಚುನಾವಣೆ ನಡೆಸಿಕೊಡುವ ಸ್ವಯಂಸೇವಕಿಯಾಗಿ ಹೊರಟರು. ಬೆನ್ನ ಮೇಲೆ ಸಂಸ್ಥೆಯ ಹೆಸರಿದ್ದ ಆ ನೀಲಿ ಜಾಕೀಟು ಅಲ್ಲಿ ಕೊಟ್ಟದ್ದೇ.

ಅವರಿಗೆ ಸಿಕ್ಕಿದ್ದು ನದಿದಂಡೆಯ ಒಂದು ಊರು. ಬಿಳಿಯರು ಬಿಟ್ಟುಹೋಗುವಾಗ ನಕಾಶೆಯ ಮೇಲೆ ಉಳಿಸಿದ ಗೆರೆಯೊಂದು ಅಲ್ಲಿನ ನೆಂಟರಿಷ್ಟರನ್ನು ಎರಡು ದೇಶಗಳಿಗೆ ಹಂಚಿತ್ತು. ಆಮೇಲೆ ಬಂದ ಸ್ವದೇಶಿ ಆಳರಸರೂ ಬಂದೂಕಿನ ತಂಡಗಳೂ ಮಿಕ್ಕಿದ್ದನ್ನು ಹಂಚಿಕೊಂಡಿದ್ದರು. ಒಂಬತ್ತು ವರ್ಷದ ಕಾದಾಟದ ಮೇಲೆ ಒಪ್ಪಂದವಾಗಿ ನಡೆಯುತ್ತಿದ್ದ ಮೊದಲ ಮತದಾನ ಅದು. ಶಾಲೆಯೇ ಮತಗಟ್ಟೆ, ಅಲ್ಲಿಯ ಹೆಡ್‌ಮಿಸ್ ಬೆಯಾಟ್ರಿಸ್ ಮತಗಟ್ಟೆಯ ಅಧಿಕಾರಿ, ಆಕೆಗೆ ನೆರವಾಗಿ ಸರಸಕ್ಕ. ಕಾವಲಿಗೆ ನೀಲಿ ಹೆಲ್ಮೆಟ್ಟಿನ ಶಾಂತಿಪಾಲನಾ ಸೈನಿಕರು ಆರು ಮಂದಿ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆ ಆರು ಮಂದಿಗೆ ವೈರ್‌ಲೆಸ್ಸಿನಲ್ಲಿ ಆಜ್ಞೆ ಬಂತು: ಶಿಬಿರಕ್ಕೆ ಹಿಂತಿರುಗಿ. ಬಂಡುಕೋರರು ಊರಿನ ಕಡೆ ಹೊರಟಿದ್ದರು. ಕ್ಯಾಪ್ಟನ್ ಬಂದು, “ಮೇಡಂ, ಗಾಡಿ ಹತ್ತಿ,” ಎಂದ.

ಮುಂದಿನದನ್ನು ಸರಸಕ್ಕ ಹೇಳುವುದು ಹೀಗೆ. “ಸಾಲಿನಲ್ಲಿ ಇನ್ನೂ ಇನ್ನೂರು ಜನ ಉಂಟು, ಅವರನ್ನೂ ಹತ್ತಿಸ್ತೀರಾ ಅಂತ ಕೇಳಿದೆ. ಅದಕ್ಕೆ ತನಗೆ ಆರ್ಡರ್ ಇಲ್ಲ ಅಂದ. ಹಾಗಾದ್ರೆ ನನಗೂ ಇಲ್ಲ ಅಂದೆ. ಪಾಪ, ಒಳ್ಳೆಯವನೇ. ಎಂತ ಮಾಡುದು, ಹೊರಟುಹೋದ.”

ಅರ್ಧ ಗಂಟೆಯಲ್ಲಿ ಜೀಪೊಂದರಲ್ಲಿ ಹನ್ನೊಂದು ಜನ ಬಂದೂಕುಧಾರಿಗಳು ಬಂದಿಳಿದರು. ಮುಖಂಡ ನೇರ ಒಳಗೆ ಬಂದು ಮತಪೆಟ್ಟಿಗೆಗೆ ಕೈ ಚಾಚಿದ. ಸರಸಕ್ಕ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕಲಿತ ಫ್ರೆಂಚಿನಲ್ಲಿ, ಮತದಾರರ ಚೀಟಿ ಇದೆಯೇ, ಇದ್ದರೆ ಸಾಲಿನ ಕೊನೆಗೆ ನಿಲ್ಲು ಎಂದರು. ಅವನ ಜೊತೆಯವನೊಬ್ಬ ನಕ್ಕುಬಿಟ್ಟ. ಆ ನಗುವಿಗೆ ಉತ್ತರವೆಂಬಂತೆ ಮುಖಂಡನ ಬಂದೂಕಿನ ಹಿಂಬದಿ ಇವರ ಎಡಮೊಣಕಾಲಿನ ಮೇಲೆ ಬಿತ್ತು. ಇವರು ಕುಸಿದು ಪೆಟ್ಟಿಗೆಗೆ ಒರಗಿ ಕುಳಿತರು. ಬೆಯಾಟ್ರಿಸ್ ಬಂದು ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಆಗ ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕಿ ಒಳಗೆ ಬಂದು ಅವರ ಮುಂದೆ ಕುಳಿತಳು. ಅವಳ ಹಿಂದಿನವನು ಅವಳ ಹಿಂದೆ. ಅವನ ಹಿಂದಿನವಳು ಅವನ ಹಿಂದೆ. ನೂಕಿಲ್ಲ, ಕೂಗಿಲ್ಲ. ಕೋಣೆ ತುಂಬಿತು, ಜಗಲಿ ತುಂಬಿತು. ಪೆಟ್ಟಿಗೆಯನ್ನು ಒಯ್ಯಬೇಕಾದರೆ ಇಷ್ಟು ಜನರನ್ನು ತುಳಿದುಕೊಂಡು ಹೋಗಬೇಕಾಗಿತ್ತು. ಛಾವಣಿಗೆ ಗುಂಡು ಹಾರಿಸಿದರು. ಮೇಲಿನಿಂದ ಮಣ್ಣು ಸುರಿಯಿತು. ತಲೆ ತಗ್ಗಿಸಿದರೇ ಹೊರತು ಯಾರೂ ಏಳಲಿಲ್ಲ. ಕೊನೆಗೆ ಬಂದೂಕಿನವರು, ಆಗಲೇ ತುಂಬಿ ಹೊರಬಾಗಿಲ ಬಳಿ ಇಟ್ಟಿದ್ದ ಇನ್ನೊಂದು ಪೆಟ್ಟಿಗೆಯನ್ನು ಅಂಗಳದಲ್ಲಿ ಸುಟ್ಟು ಹೊರಟುಹೋದರು. ಹೊಗೆ ಆರುವ ಮೊದಲೇ ಬೆಯಾಟ್ರಿಸ್ ಪಟ್ಟಿಯನ್ನು ತೆರೆದು ಮುಂದಿನ ಹೆಸರು ಕೂಗಿದಳು.

ವಾರದ ಮೇಲೆ ರಾಜಧಾನಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮೇಲಧಿಕಾರಿಯೊಬ್ಬ ಟೈಪು ಮಾಡಿಸಿದ ವರದಿ ತಂದ. ಮತದಾನ ಶಾಂತವಾಗಿ ಮುಗಿಯಿತು, ಅನಿವಾರ್ಯ ಕಾರಣದಿಂದ ಒಂದು ಪೆಟ್ಟಿಗೆ ಲಭ್ಯವಾಗಲಿಲ್ಲ ಎಂದಿತ್ತು ಅದರಲ್ಲಿ. ಬಂದೂಕಿನ ಸುದ್ದಿಯಿಲ್ಲ, ಹೊರಟುಹೋದ ಕಾವಲಿನ ಸುದ್ದಿಯೂ ಇಲ್ಲ. ಶಾಂತಿ ಇನ್ನೂ ಎಳೆಯ ಸಸಿ, ನಿಮ್ಮ ಒಂದು ಸಹಿಯಿಂದ ಅದು ಉಳಿದೀತು ಎಂದು ಆತ ಬಹಳ ಮೃದುವಾಗಿಯೇ ವಿವರಿಸಿದ. ಸರಸಕ್ಕ ಪೂರ್ತಿ ಕೇಳಿಸಿಕೊಂಡು, ಹಾಳೆಗಳನ್ನು ಮಗುಚಿ, ಹಿಂಬದಿಯಲ್ಲಿ ಆ ಮಧ್ಯಾಹ್ನದ ಪ್ರತಿ ಗಳಿಗೆಯನ್ನೂ ಕೈಬರಹದಲ್ಲಿ ಬರೆದು ಅದಕ್ಕೆ ಸಹಿ ಹಾಕಿದರು. ಅವರನ್ನು ಆ ಕೆಲಸಕ್ಕೆ ಮತ್ತೆ ಕರೆಯಲಿಲ್ಲ. ಆ ಜಿಲ್ಲೆಯ ಫಲಿತಾಂಶ ರದ್ದಾಯಿತು. ವರ್ಷ ತುಂಬುವುದರೊಳಗೆ ಯುದ್ಧ ಮರಳಿತು.

ತಮ್ಮನ ಮಗಳು ವೀಕ್ಷಾ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಾಳೆ. ಅವಳು ಒಮ್ಮೆ ನನ್ನೆದುರೇ ತಮಿಳಿನಲ್ಲಿ ಕೇಳಿದಳು: “ಅತ್ತೆ, ಅಂಗ ತಿರುಂಬ ಸಂಡೆ ವಂದುಡುಚ್ಚು. ಅಪ್ಪುರಂ ಎದುಕ್ಕು ಮುಟ್ಟಿ ಒಡಚ್ಚಿಕಿಟ್ಟೀಂಗ?” ಯುದ್ಧ ಮತ್ತೆ ಬಂದ ಮೇಲೆ ಆ ಮೊಣಕಾಲು ಮುರಿಸಿಕೊಂಡದ್ದು ಏತಕ್ಕೆ ಎಂಬ ಪ್ರಶ್ನೆ.

ಸರಸಕ್ಕ ಅವಳಿಗೆ ಕನ್ನಡದಲ್ಲೇ ಹೇಳಿದರು. “ಪುನಃ ಬಂತು, ಹೌದು. ಅದನ್ನು ತಂದದ್ದು ಬಂದೂಕಿನವರು. ಓಟು ಹಾಕಿದ್ದು ಸಾಲಿನಲ್ಲಿ ನಿಂತವರು. ಅವರು ಮಾಡಿದ್ದನ್ನು ಇವರ ತಲೆಗೆ ಯಾಕೆ ಕಟ್ಟುದು?”

ಹೋದ ವರ್ಷ ನಮ್ಮ ಬಡಾವಣೆಯ ಮತದಾರರ ಪಟ್ಟಿಯಿಂದ, ಕಾಲುವೆಯ ಪಕ್ಕದ ಸಾಲುಮನೆಗಳ ನಲವತ್ತೆರಡು ಹೆಸರುಗಳು ‘ಸ್ಥಳಾಂತರ’ ಎಂಬ ಷರಾದೊಂದಿಗೆ ಬಿದ್ದುಹೋದವು. ಜನ ಮಾತ್ರ ಅಲ್ಲೇ ಇದ್ದರು. ಸರಸಕ್ಕ ಮೂರು ದಿನ ಚುನಾವಣಾ ಕಚೇರಿಯ ಬೆಂಚಿನಲ್ಲಿ ಕುಳಿತರು. ಬೇಸತ್ತ ಗುಮಾಸ್ತ, “ಉಂಗ ಪೇರು ಲಿಸ್ಟ್‌ಲ ಇರುಕ್ಕು ಮೇಡಂ. ಉಂಗಳುಕ್ಕು ಎನ್ನ ಪ್ರಾಬ್ಲಂ?” ಎಂದ. ನಿಮ್ಮ ಹೆಸರು ಇದೆಯಲ್ಲ, ನಿಮಗೇನು ತೊಂದರೆ? “ಅದುದಾನ್ ಪ್ರಾಬ್ಲಂ,” ಎಂದರು ಸರಸಕ್ಕ. ಅದೇ ತೊಂದರೆ. ಮೂವತ್ತೆಂಟು ಹೆಸರು ಮರಳಿ ಬಂದವು. ಉಳಿದ ನಾಲ್ಕಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ.

ನದಿ ದಾಟಿ ನಿರಾಶ್ರಿತರ ಶಿಬಿರ ಸೇರಿದ ಬೆಯಾಟ್ರಿಸಳಿಂದ ಈಗಲೂ ಅಪರೂಪಕ್ಕೆ ಕಾಗದ ಬರುತ್ತದೆ. ಶಿಬಿರದ ನೀರಿನ ಸಮಿತಿಗೆ ಗುಪ್ತ ಮತದಾನ ನಡೆಸಿದೆವು, ಬಿಸ್ಕತ್ತಿನ ಡಬ್ಬವೇ ಪೆಟ್ಟಿಗೆ, ನಾನು ಸೋತೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದಳು. ‘ನಾನು ಸೋತೆ’ ಎಂಬಲ್ಲಿಗೆ ಬಂದಾಗ ಓದುತ್ತಿದ್ದ ಸರಸಕ್ಕನ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಸದಾಗಿ ಸ್ವತಂತ್ರವಾದ ದೇಶಗಳ ಚರಿತ್ರೆ ಬರೆಯುವವರು ಒಪ್ಪಂದಗಳ ತಾರೀಖನ್ನೂ ದಂಗೆಗಳ ತಾರೀಖನ್ನೂ ಗುರುತಿಸುತ್ತಾರೆ. ಇಂಥವರಿಗೆ ಅಲ್ಲಿ ಒಂದು ಅಡಿಟಿಪ್ಪಣಿಯೂ ದಕ್ಕುವುದಿಲ್ಲ. ಇವರಿಂದ ಯಾವ ಯುದ್ಧವೂ ನಿಂತದ್ದಿಲ್ಲ. ಆದರೆ ಬಲವಂತರು ತಮ್ಮ ಕೃತ್ಯಕ್ಕೆ ಶಾಂತಿಯೆಂದು ಹೆಸರಿಡಲು ಹೊರಟಾಗಲೆಲ್ಲ, ಎಲ್ಲೋ ಒಂದು ಕೋಣೆಯಲ್ಲಿ ಇಂಥವರೊಬ್ಬರು ಅಡ್ಡ ಕುಳಿತಿರುತ್ತಾರೆ. ಭಯವಿಲ್ಲದವರೇನಲ್ಲ, ತಮ್ಮ ಭಯವನ್ನು ಒಪ್ಪಿಗೆಯೆಂದು ಯಾರೂ ಓದಿಕೊಳ್ಳದಂತೆ ನೋಡಿಕೊಳ್ಳುವವರು.